ಕಾರವಾರದ ಬಾಡಿಗೆ ಮನೆಯ ಹಾಲ್‌ಗೆ ಬೋಹೋ ಲುಕ್ಕು: ಏನೇ ತರುವ ಮೊದಲು ಜುಲೈ ತಿಂಗಳನ್ನು ನೆನೆಸಿಕೊಳ್ಳಿ

ನೀವು ಕೇಳಿದ್ದು ಇಷ್ಟು. ಬೆಂಗಳೂರಿನಿಂದ ವರ್ಗವಾಗಿ ಕಾರವಾರಕ್ಕೆ ಬಂದಿದ್ದೀರಿ. ನೆಲಮಹಡಿಯ ಬಾಡಿಗೆ ಮನೆ, ಹತ್ತು ಅಡಿಗೆ ಹದಿನಾಲ್ಕು ಅಡಿಯ ಹಾಲ್. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬಾರದು ಅಂತ ಮನೆ ಮಾಲೀಕರು ಹೇಳಿದ್ದಾರೆ. 15,000 ರೂಪಾಯಿಯೊಳಗೆ ಬೋಹೀಮಿಯನ್ ಥರ (ಬೋಹೋ ಅನ್ನುವುದು ಇದನ್ನೇ), ಆರಾಮಾಗಿ ಕಾಲು ಚಾಚಿ ಕೂರುವ ಹಾಗೆ ಮಾಡಬೇಕು. ತರಬೇಕಾದ ಸಾಮಾನಿನ ಪಟ್ಟಿಯನ್ನೂ ಹಾಕಿದ್ದೀರಿ: ಸೆಣಬಿನ ರಗ್ಗು, ಮ್ಯಾಕ್ರಮೆ (ಹಗ್ಗಕ್ಕೆ ಗಂಟು ಹಾಕಿ ಮಾಡುವ ತೂಗು ಅಲಂಕಾರ), ಬೆತ್ತದ ಕುರ್ಚಿ, ಒಣಗಿದ ಪಾಂಪಾಸ್ ಹುಲ್ಲು, ನೆಲದ ಮೇಲೆ ಹಾಸಿಗೆ.

ಪಟ್ಟಿ ನೋಡಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಆರು ವರ್ಷದ ಹಿಂದೆ ನಾನು ಬರೆದಿಟ್ಟ ಪಟ್ಟಿಯೂ ಹೆಚ್ಚುಕಮ್ಮಿ ಇದೇ. ನನ್ನ ತವರು ಶಿರಸಿ ಕಡೆ, ಮದುವೆಯಾಗಿ ಬಂದದ್ದು ಇಲ್ಲಿ ಕೋಡಿಬಾಗಕ್ಕೆ. ಮೇ ತಿಂಗಳಲ್ಲಿ ಎಲ್ಲವನ್ನೂ ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದೆ. ಹದಿನೈದು ದಿನ ಹಾಲ್ ಫೋಟೋದಲ್ಲಿದ್ದ ಹಾಗೇ ಇತ್ತು. ಆಮೇಲೆ ಮಳೆ ಹಿಡಿಯಿತು.

ಜುಲೈ ಹೊತ್ತಿಗೆ ರಗ್ಗಿನಿಂದ ಒದ್ದೆ ಗೋಣಿಚೀಲದ ವಾಸನೆ. ಅದು ಗೋಣಿಚೀಲದ್ದೇ ನಾರು ಅಲ್ವಾ, ಬೇರೆ ಇನ್ಯಾವ ವಾಸನೆ ಬರಬೇಕು! ಬೆತ್ತದ ಕುರ್ಚಿಯ ಬೆನ್ನಿಗೆ ಬಿಳಿ ಬೂಷ್ಟು. ಪಾಂಪಾಸ್ ಹುಲ್ಲು ಮಳೆಯಲ್ಲಿ ನೆಂದ ಕೋಳಿಯ ಥರ ಜೋತುಬಿತ್ತು. ಒಂದು ದಿನ ಗುಡಿಸುವಾಗ ಹಾಸಿಗೆ ಎತ್ತಿದೆ. ತಳದಲ್ಲಿ ಅಂಗೈ ಅಗಲದ ಕಪ್ಪು ಕಲೆಗಳು, ನೆಲದ ಮೇಲೆ ಬೆವರಿನ ಹಾಗೆ ನೀರು. ಅವತ್ತೇ ಅದನ್ನು ಎಸೆದೆ.

ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಚೀಚೆ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಉಪ್ಪುಗಾಳಿ ಬೇರೆ. ಇಂಟರ್ನೆಟ್ಟಿನ ಬೋಹೋ ಫೋಟೋಗಳೆಲ್ಲ ಒಣ ಊರಿನವು. ಅದಕ್ಕೇ ನಾನು ಈಗ ಏನನ್ನೇ ತರುವ ಮೊದಲೂ ಕೇಳಿಕೊಳ್ಳುವುದು ಇಷ್ಟೇ: ಇದನ್ನು ಒಗೆಯಬಹುದಾ? ಇಲ್ಲದಿದ್ದರೆ ಮಳೆಗಾಲಕ್ಕೆ ಸುತ್ತಿ ಮೇಲಿಡಬಹುದಾ? ಎರಡೂ ಆಗದಿದ್ದರೆ ಬೇಡ.

ಹಾಗಂತ ಬೋಹೋ ಆಸೆ ಬಿಡಿ ಅನ್ನುತ್ತಿಲ್ಲ. ಬೊಹೀಮಿಯಾ ಈಗಿನ ಚೆಕ್ ದೇಶದ ಒಂದು ಭಾಗ. ಊರೂರು ಅಲೆಯುವ ರೋಮಾ ಜನ ಅಲ್ಲಿಂದ ಬಂದವರು ಅಂದುಕೊಂಡು ಫ್ರಾನ್ಸಿನವರು ಅವರನ್ನು ಹಾಗೆ ಕರೆದರು. ಆಮೇಲೆ 19ನೇ ಶತಮಾನದ ಪ್ಯಾರಿಸ್ಸಿನಲ್ಲಿ ಕಾಸಿಲ್ಲದೆ ಬದುಕುತ್ತಿದ್ದ ಚಿತ್ರಕಾರರಿಗೆ, ಬರಹಗಾರರಿಗೆ ಅದೇ ಹೆಸರು ಅಂಟಿತು. ಕಾಸಿಲ್ಲದವರು ಕೈಗೆ ಸಿಕ್ಕಿದ್ದರಲ್ಲಿ ಮನೆ ಮಾಡಿಕೊಂಡ ರೀತಿ ಇದು. ಒಂದೇ ಅಂಗಡಿಯಿಂದ ಸೆಟ್ ತರಿಸಿದರೆ ಅದು ಬೋಹೋ ಹೇಗಾಗುತ್ತದೆ ಹೇಳಿ.

ಮೊದಲು ಟ್ಯೂಬ್‌ಲೈಟ್ ಆರಿಸಿ. ಬಿಳಿ ಟ್ಯೂಬ್‌ಲೈಟು ಸಾಮಾನ್ಯವಾಗಿ 6500 ಕೆಲ್ವಿನ್‌ನದು (ಇದು ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ), ಅದರ ಕೆಳಗೆ ಎಂಥ ಚಂದದ ಬಟ್ಟೆಯೂ ಆಸ್ಪತ್ರೆ ವಾರ್ಡಿನದ್ದರಂತೆ ಕಾಣುತ್ತದೆ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಬರೆದ ವಾರ್ಮ್ ವೈಟ್ ಬಲ್ಬು ತನ್ನಿ. ಒಂದು ಮೂಲೆಯಲ್ಲಿ, ಒಂದು ಕಿಟಕಿ ಹತ್ತಿರ, ಎರಡೂ ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ. ಕಬ್ಬಿಣದ ಸ್ಟ್ಯಾಂಡು ಮಾತ್ರ ಬೇಡ, ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಬಿದಿರು ಬುಟ್ಟಿಯನ್ನು ಬೋರಲು ಹಾಕಿ ಒಳಗೆ ಬಲ್ಬು ಇಟ್ಟರೂ ಸಾಕು, ಎಲ್ಇಡಿ ಆದರೆ. ಹಳೇ ಥರದ ಬಿಸಿಯಾಗುವ ಬಲ್ಬು ಹಾಕಬೇಡಿ.

ನೆಲಕ್ಕೆ ಹತ್ತಿಯ ಜಮಖಾನ. ಹುಬ್ಬಳ್ಳಿ ಕಡೆ ಹೋಗುವವರಿದ್ದರೆ ನವಲಗುಂದದ್ದನ್ನು ಹುಡುಕಿ. ಹೆಂಗಸರೇ ಮಗ್ಗದಲ್ಲಿ ನೇಯುವಂಥದ್ದು. ನವಿಲು, ಪಗಡೆ ಹಾಸಿನ ಚಿತ್ರ ಇರುತ್ತದೆ. ಅಗ್ಗ ಅಲ್ಲ, ಸಣ್ಣದೇ ಸಾಕು. ಅದರ ಕೆಳಗೆ ದೊಡ್ಡ ಚಾಪೆ ಹಾಸಿದರೆ ಎರಡು ಪದರ ಕಾಣುತ್ತದೆ. ಮಳೆಗಾಲಕ್ಕೆ ಜಮಖಾನ ಸುತ್ತಿಡಿ, ಚಾಪೆ ಇರಲಿ. ಬಾಗಿಲ ಹತ್ತಿರ ತೆಂಗಿನ ನಾರಿನದ್ದು ಹಾಕಿ. ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಹಾಕಿ ತೆಗೆಯುವ ನಾರು ಅದು, ನಿಮ್ಮ ಒದ್ದೆ ಚಪ್ಪಲಿಗೆ ಹೆದರುವುದಿಲ್ಲ.

ಇನ್ನು ಕೌದಿ. ನಿಮ್ಮ ದುಡ್ಡಿನ ದೊಡ್ಡ ಪಾಲು ಇಲ್ಲಿಗೇ ಹೋಗಲಿ ಅನ್ನುತ್ತೇನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುತ್ತಾರೆ. ಹಳೇ ಸೀರೆ, ಅಂಗಿ, ಲಂಗ ಎಲ್ಲದರ ತುಂಡುಗಳು. ನಾನು ಒಮ್ಮೆ ಪಕ್ಕದಲ್ಲೇ ಕೂತು ನೋಡಿದ್ದೇನೆ. ನಾವಾದರೆ ಮೊದಲು ಪೂರ್ತಿ ನಕ್ಷೆ ಜೋಡಿಸಿಕೊಂಡು ಆಮೇಲೆ ಹೊಲಿಯುತ್ತೇವೆ. ಅವರು ಅಂಚಿನಿಂದ ಶುರು ಮಾಡುತ್ತಾರೆ. ಒಂದು ತುಂಡು ಇಟ್ಟು, ಅದರ ಅಂಚು ಮಡಚಿ, ಸಣ್ಣ ಸಣ್ಣ ಹೊಲಿಗೆ ಹಾಕುತ್ತಾ ಸುತ್ತು ಬರುತ್ತಾರೆ. ಸುತ್ತು ಸುತ್ತಿಗೂ ಒಳಗೆ ಒಳಗೆ ಹೋಗಿ ಕೊನೆಗೆ ನಡುವಿಗೆ ತಲುಪುವುದು. ಯಾವ ಬಣ್ಣದ ಪಕ್ಕ ಯಾವುದು ಅನ್ನುವುದೆಲ್ಲ ಅಲ್ಲೇ, ಆ ಹೊತ್ತಿಗೇ. ಆಕೆ ಒಂದು ಕೇಸರಿ ತುಂಡು ಕೈಗೆ ತಗೊಂಡರು, ನೋಡಿದರು, ಕೆಳಗಿಟ್ಟರು, ಮತ್ತೆ ಅದನ್ನೇ ತಗೊಂಡರು. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ತ್ರಿಕೋನಗಳು, ಅದಕ್ಕೆ ಫುಲಾ ಅನ್ನುತ್ತಾರೆ. ಫುಲಾ ಇಲ್ಲದಿದ್ದರೆ ಕೌದಿ ಮುಗಿದ ಹಾಗಲ್ಲ. ದೊಡ್ಡದಕ್ಕೆ ವಾರಗಟ್ಟಲೆ ಬೇಕು, ಆದ್ದರಿಂದ ದಯವಿಟ್ಟು ಚೌಕಾಸಿ ಮಾಡಬೇಡಿ. ಹೊಲಿದವರ ಕೈಗೇ ದುಡ್ಡು ಹೋಗುವ ಹಾಗೆ ನೋಡಿಕೊಳ್ಳಿ.

ಒಂದು ಕೌದಿಯನ್ನು ಸೋಫಾ ಅಥವಾ ದಿವಾನದ ಮೇಲೆ ಹಾಸಿದರೆ ಹಾಲಿನ ಅರ್ಧ ಕೆಲಸ ಮುಗಿಯಿತು. ಉಳಿದ ಬಣ್ಣಗಳನ್ನು ಅದರಿಂದಲೇ ಆರಿಸಿಕೊಳ್ಳಿ. ನಾನು ಇಟ್ಟಿಗೆ ಕೆಂಪು, ಅರಿಶಿನ ಎರಡನ್ನೇ ಹಿಡಿದೆ, ಹಸಿರು ನಾಲ್ಕು ತಿಂಗಳು ಕಿಟಕಿಯಿಂದ ಪುಕ್ಕಟೆ ಬರುತ್ತದೆ. ಕುಶನ್ ಕವರಿಗೆ ಅಮ್ಮನದೋ ಅತ್ತೆಯದೋ ಹಳೇ ಇಳಕಲ್ ಸೀರೆ ಇದ್ದರೆ ಕೇಳಿ. ಕೇಳದೆ ಕತ್ತರಿಸಬೇಡಿ, ಇದು ಅನುಭವದ ಮಾತು.

ಕೂರುವುದಕ್ಕೆ ನೆಲದ ಹಾಸಿಗೆಯೇ ಬೇಕು ಅಂದರೆ, ಕೆಳಗೆ ಮರದ ಪ್ಯಾಲೆಟ್ (ಪಟ್ಟಿಗಳ ನಡುವೆ ಸಂದಿ ಇರುವ ಹಲಗೆ) ಇಟ್ಟು ಗಾಳಿ ಆಡುವ ಹಾಗೆ ಮಾಡಿ. ವಾರಕ್ಕೊಮ್ಮೆ ಹಾಸಿಗೆ ಎತ್ತಿ ಗೋಡೆಗೆ ಒರಗಿಸಿ. ನೆಲಮಹಡಿ ಅಂದಿರಲ್ಲ, ಇದನ್ನು ಮರೆತರೆ ನನ್ನ ಕಥೆಯೇ ನಿಮ್ಮದೂ.

ಮ್ಯಾಕ್ರಮೆ ವಿಷಯಕ್ಕೆ ಬರ್ತೇನೆ. ಎರಡು ಸಾವಿರ ಕೊಟ್ಟು ತಂದದ್ದನ್ನು ನಮ್ಮ ಪಕ್ಕದ ಮನೆಯ ಅಣ್ಣನಿಗೆ ತೋರಿಸಿದೆ. ಅವರು ಇಲ್ಲಿನ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ಬಲೆ ರಿಪೇರಿ ಮಾಡುವವರು. ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: "ಇದರಲ್ಲಿ ಎಂತ ಹಿಡಿಯುದು? ಇಷ್ಟು ದೊಡ್ಡ ಕಣ್ಣಿದ್ರೆ ಬಾಂಗಡೆ ಎಲ್ಲ ಓಡಿಹೋಗ್ತದೆ." ನಕ್ಕೆ. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಈ ಗಂಟು ಹಾಕುವ ಕೆಲಸವನ್ನು ಊರೂರಿಗೆ ಒಯ್ದವರಲ್ಲಿ ಹಡಗಿನವರೂ ಇದ್ದರು. ಹತ್ತೇ ನಿಮಿಷದಲ್ಲಿ ಅವರು ಹತ್ತಿ ಹಗ್ಗದಲ್ಲಿ ಒಂದು ಕುಂಡ ತೂಗುಹಾಕುವ ಜೋಲಿ ಮಾಡಿಕೊಟ್ಟರು. ನೀವೂ ಮಾಡಬಹುದು.

ಮೂರು ಮೀಟರಿನ ನಾಲ್ಕು ಹಗ್ಗ ತಗೊಳ್ಳಿ. ನಾಲ್ಕನ್ನೂ ಒಟ್ಟಿಗೆ ನಡುವಿಗೆ ಮಡಚಿ ಒಂದು ಬಳೆಗೆ ಕಟ್ಟಿ, ಕೆಳಗೆ ಎಂಟು ಎಳೆ ಇಳಿಯುತ್ತವೆ. ಎರಡೆರಡರಂತೆ ನಾಲ್ಕು ಜೋಡಿ ಮಾಡಿ, ಬಳೆಯಿಂದ ಎರಡು ಅಡಿ ಕೆಳಗೆ ಪ್ರತಿ ಜೋಡಿಗೂ ಒಂದು ಗಂಟು, ಎಲ್ಲ ಒಂದೇ ಮಟ್ಟಕ್ಕೆ. ಆಮೇಲೆ ಒಂದು ಜೋಡಿಯ ಬಲಗಡೆ ಎಳೆಗೆ ಪಕ್ಕದ ಜೋಡಿಯ ಎಡಗಡೆ ಎಳೆ ಸೇರಿಸಿ, ನಾಲ್ಕು ಬೆರಳು ಕೆಳಗೆ ಗಂಟು. ಸುತ್ತಲೂ ಹೀಗೇ. ಬಲೆಯ ಕಣ್ಣು ಆಗುವುದೂ ಹೆಚ್ಚುಕಮ್ಮಿ ಹೀಗೆಯೇ. ಮತ್ತೆ ನಾಲ್ಕು ಬೆರಳು ಬಿಟ್ಟು ಎಂಟೂ ಎಳೆ ಸೇರಿಸಿ ಬಿಗಿಯಾಗಿ ಒಂದು ದೊಡ್ಡ ಗಂಟು. ಕುಂಡ ಅದರೊಳಗೆ ಕೂರುತ್ತದೆ. ಕಿಟಕಿಯ ಸರಳಿಗೆ ತೂಗುಹಾಕಿ, ಮೊಳೆ ಬೇಡ. ಕೊಳೆಯಾದರೆ ಬಿಚ್ಚಿ ಒಗೆಯಿರಿ. ಹಳೇ ನೈಲಾನ್ ಬಲೆ ತಂದು ಗೋಡೆಗೆ ಕಟ್ಟುವ ಐಡಿಯಾ ಬಂದರೆ ಬಿಟ್ಟುಬಿಡಿ. ಎಷ್ಟು ತೊಳೆದರೂ ಮೀನಿನ ವಾಸನೆ ಹೋಗಲಿಲ್ಲ, ಬೆಕ್ಕುಗಳು ಮಾತ್ರ ಬಂದವು.

ಗೋಡೆಗೆ ಅಂಟಿಸುವ ಹುಕ್ಕುಗಳನ್ನೂ ನಂಬಬೇಡಿ, ಮಳೆಗಾಲದಲ್ಲಿ ಪೇಂಟಿನ ಸಮೇತ ಕಿತ್ತು ಬರುತ್ತವೆ. ಚಿತ್ರವನ್ನು ಬೆಂಚಿನ ಮೇಲೋ ಶೆಲ್ಫಿನ ಮೇಲೋ ಒರಗಿಸಿಡಿ. ಸಿದ್ದಾಪುರ, ಸಾಗರ ಕಡೆ ದೀವರ ಸಮುದಾಯದ ಹೆಂಗಸರು ಬರೆಯುವ ಹಸೆ ಚಿತ್ತಾರ ಸಿಕ್ಕರೆ ಬೇರೆ ಏನೂ ಬೇಡ. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಬುಟ್ಟಿಗಳ ಮೇಲೂ ಇದನ್ನೇ ಬರೆಯುತ್ತಾರೆ. ನನ್ನ ಹತ್ತಿರ ಬಟ್ಟೆಯ ಮೇಲೆ ಬರೆದದ್ದು ಒಂದಿದೆ, ಮಳೆಗಾಲದಲ್ಲಿ ಸುತ್ತಿ ಬೀರುವಿನಲ್ಲಿಡುತ್ತೇನೆ. ಹಾಲಕ್ಕಿ ಸಮುದಾಯದ ಹೆಂಗಸರ ಮಣಿಸರಗಳನ್ನು ಗೋಡೆಗೆ ನೇತುಹಾಕಿದ ಫೋಟೋ ಕೂಡ ನೋಡಿದ್ದೇನೆ. ನನಗೆ ಹಿಡಿಸಲಿಲ್ಲ. ಒಬ್ಬರು ದಿನಾ ಮೈಮೇಲೆ ಹಾಕುವ ಒಡವೆ ಅದು.

ಗಿಡ ನಿಮ್ಮಿಷ್ಟ. ಮನಿಪ್ಲಾಂಟ್, ಜರಿಗಿಡ ಇಲ್ಲಿ ಬೇಡ ಅಂದರೂ ಬೆಳೆಯುತ್ತವೆ.

ಉಳಿದದ್ದನ್ನು ಊರಿನ ಅಟ್ಟದಲ್ಲಿ ಹುಡುಕಿ. ನಾನು ತಂದದ್ದು ಒಂದು ತಾಮ್ರದ ಕೊಡ, ಕವಳದ (ಎಲೆಅಡಿಕೆಯ) ಹರಿವಾಣ, ಮರದ ಮಣೆ ಎರಡು. ಕೊಡದಲ್ಲಿ ಈಗ ಒಣಗಿದ ಅಡಿಕೆ ಸಿಂಗಾರ ಇದೆ, ಪಾಂಪಾಸ್ ಜಾಗದಲ್ಲಿ. ಆಯಿ, ಅಂದರೆ ನನ್ನಮ್ಮ, ಬಂದವಳು ಬಾಗಿಲಲ್ಲೇ ನಿಂತು, "ಎಂತದೇ ಇದು? ಅಟ್ಟದ ಸಾಮಾನೆಲ್ಲಾ ಜಗಲಿಗೆ!" ಅಂದಳು. ಸಂಜೆ ನೋಡಿದರೆ ಅದೇ ಕೌದಿಯ ಮೇಲೆ ಕಾಲು ಚಾಚಿ ಕವಳ ಹಾಕುತ್ತಾ ಕೂತಿದ್ದಳು.

ಈಗ ಮೇ ಕೊನೆ. ಸದ್ಯಕ್ಕೆ ಬಲ್ಬು, ಚಾಪೆ, ಕೌದಿ ಇಷ್ಟೇ ತನ್ನಿ. ಬೆತ್ತದ ಕುರ್ಚಿ ಬೇಕೇ ಬೇಕು ಅಂದರೆ ದೀಪಾವಳಿ ಆದಮೇಲೆ. ತಂದ ಕೂಡಲೇ ನಾಲ್ಕು ದಿನ ಬಿಸಿಲಿಗಿಟ್ಟು ವಾರ್ನಿಶ್ ಹೊಡೆಸಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಅಲ್ಲಿಯವರೆಗೆ ತಡೆಯಲಾಗದಿದ್ದರೆ ಹೇಳಿ, ನನ್ನ ಹಳೇ ಕುರ್ಚಿ ಇನ್ನೂ ಇದೆ. ಬೂಷ್ಟು ಉಜ್ಜಿ ತೆಗೆದಿದ್ದೇನೆ, ಒಂದು ಕಾಲು ಮಾತ್ರ ಸ್ವಲ್ಪ ಅಲ್ಲಾಡುತ್ತದೆ.