ಅತ್ತೆಯವರ ಕಾಲದ ಇಳಕಲ್ ಸೀರೆ ಟ್ರಂಕಿನಲ್ಲಿ ಸಿಕ್ಕಿದೆ. ಮನೆಯಲ್ಲೇ ತೊಳೆಯಬಹುದೇ? ಹೇಗೆ ಇಡಬೇಕು?

ನೀವು ಬರೆದದ್ದು ಇಷ್ಟು: ಕೆಂಪು ಸೆರಗಿನ ಹಳೆಯ ಇಳಕಲ್ ಸೀರೆ, ಜೊತೆಗೆ ಎರಡು ಖಣದ ಕುಪ್ಪಸ. ಮಡಿಕೆಯ ಮೇಲೆ ಹಳದಿ ಗೆರೆ ಬಿದ್ದಿದೆ. ಇರುವುದು ವಿಜಯಪುರದಲ್ಲಿ. ತೊಳೆದು, ಡಾಂಬರ್ ಗುಳಿಗೆ ಹಾಕಿ ಇಟ್ಟರೆ ಸಾಕೇ?

ಸಾಲದು. ಇಳಕಲ್ ಸೀರೆಯನ್ನು ಬರೀ 'ರೇಷ್ಮೆ ಸೀರೆ' ಎಂದು ನೋಡುವುದರಿಂದಲೇ ಅರ್ಧ ಹಾಳಾಗುವುದು. ಬಹಳಷ್ಟು ಇಳಕಲ್ ಸೀರೆಗಳ ಒಡಲು ಹತ್ತಿ, ಸೆರಗು ಮತ್ತು ದಡಿ ರೇಷ್ಮೆ. ಕೆಲವದರಲ್ಲಿ ರೇಷ್ಮೆಯ ಜಾಗದಲ್ಲಿ ಚಮಕಾ, ಅಂದರೆ ಕೃತಕ ರೇಷ್ಮೆ ಇರುತ್ತದೆ. ಒಡಲೂ ರೇಷ್ಮೆಯೇ ಇರುವ ಸೀರೆಗಳೂ ಉಂಟು. ಹತ್ತಿ ನೀರಿಗೆ ಬಿದ್ದರೆ ಕುಗ್ಗುತ್ತದೆ, ರೇಷ್ಮೆ ಅಷ್ಟು ಕುಗ್ಗುವುದಿಲ್ಲ. ತೊಳೆದ ಮೇಲೆ ದಡಿಯ ಪಕ್ಕ ಒಡಲು ಸುಕ್ಕುಗಟ್ಟಿ ನಿಲ್ಲುವುದು ಇದಕ್ಕೇ. ಚಮಕಾ ಒದ್ದೆಯಾದಾಗ ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಕಳೆದುಕೊಳ್ಳುತ್ತದೆ; ಆಗ ಹಿಂಡಿದರೆ ಹರಿಯುತ್ತದೆ.

ಹಾಗಾಗಿ ಮೊದಲು ಎಳೆ ನೋಡಿ. ಸೆರಗಿನ ತುದಿಯ ಕುಚ್ಚಿನಿಂದ ಒಂದು ಎಳೆ, ಒಡಲಿನ ಒಳತುದಿಯಿಂದ ಒಂದು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ಚಮಕಾ. ಕರಗಿ ಗಟ್ಟಿ ಮಣಿಯಾದರೆ ಪಾಲಿಸ್ಟರ್.

ಆಮೇಲೆ ಮಡಿಕೆಯ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಗೆರೆಯುದ್ದಕ್ಕೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಎಳೆ ಮುರಿಯಲು ಶುರುವಾಗಿದೆ. ಅಂಥ ಸೀರೆಗೆ ಮನೆಯ ನೀರೂ ಬೇಡ, ಡ್ರೈಕ್ಲೀನೂ ಬೇಡ. ನೆರಳಲ್ಲಿ ಗಾಳಿಗೆ ಹರವಿ, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು ಇಟ್ಟುಬಿಡಿ. ಹಳದಿ ಗೆರೆ ಪೂರ್ತಿ ಹೋಗುತ್ತದೆ ಎಂಬ ಆಸೆಯನ್ನೂ ಬಿಡಿ. ಅದರಲ್ಲಿ ಬೆವರು, ಧೂಳು, ಹಳೆಯ ಗಂಜಿ ಎಷ್ಟಿದೆಯೋ ಅಷ್ಟು ಹೋದೀತು. ರೇಷ್ಮೆ ತಾನೇ ಹಳತಾಗಿ ಬಂದ ಹಳದಿ ಉಳಿಯುತ್ತದೆ. ಬ್ಲೀಚ್ ಹಾಕಿದರೆ ಬಣ್ಣದ ಜೊತೆ ರೇಷ್ಮೆಯೂ ಕರಗುತ್ತದೆ.

ಎಳೆ ಗಟ್ಟಿ ಇದ್ದರೆ ಬಣ್ಣದ ಪರೀಕ್ಷೆ. ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೆಯನ್ನು ಸೆರಗಿನ ಹಿಂಬದಿಗೆ ಎರಡು ನಿಮಿಷ ಒತ್ತಿ ಹಿಡಿಯಿರಿ. ದಡಿಗೂ ಒಡಲಿಗೂ ಬೇರೆ ಬೇರೆ ಮಾಡಿ. ಕೆಂಪು ಅಂಟಿದರೆ ತೊಳೆಯುವ ಮಾತೇ ಇಲ್ಲ, ಏಕೆಂದರೆ ಟೋಪ್ ತೆನೆಯ, ಅಂದರೆ ಕೆಂಪು ಸೆರಗಿನ ವಿನ್ಯಾಸದ, ಬಿಳಿ ನೇಯ್ಗೆ ಗುಲಾಬಿಯಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಅಂಥದ್ದನ್ನು ಪೆಟ್ರೋಲ್ ವಾಶ್‌ಗೆ, ಅಂದರೆ ಡ್ರೈಕ್ಲೀನ್‌ಗೆ ಕೊಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವವರು ಬೇಕಾದಷ್ಟಿದ್ದಾರೆ. ಬಿಡುವ ಬಣ್ಣವನ್ನು ಉಪ್ಪು ಹಿಡಿದು ನಿಲ್ಲಿಸುವುದಿಲ್ಲ. ಜರಿ ಇದ್ದರೆ ಅದನ್ನು ಕಪ್ಪು ಮಾಡುವುದಂತೂ ಖಂಡಿತ.

ಬಣ್ಣ ಬಿಡದಿದ್ದರೆ ಮನೆಯಲ್ಲೇ ತೊಳೆಯಬಹುದು. ಡಿಟರ್ಜೆಂಟ್ ಪುಡಿ, ಸೋಡಾ ಎರಡೂ ದೂರ. ರೇಷ್ಮೆ ಎಂದರೆ ಪ್ರೋಟೀನು, ಕ್ಷಾರ ಅದನ್ನು ತಿನ್ನುತ್ತದೆ. ಮೊಟ್ಟೆ, ರಕ್ತದ ಕಲೆ ತೆಗೆಯಲೆಂದು ಕೆಲವು ಪುಡಿಗಳಲ್ಲಿ ಕಿಣ್ವ ಹಾಕಿರುತ್ತಾರೆ. ಅದಕ್ಕೆ ರೇಷ್ಮೆಯೂ ಕಲೆಯೂ ಒಂದೇ. 12–15 ಅಂಟುವಾಳ ಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು 1 ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ 10 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಎರಡು ಸಲ ಸೋಸಿ. ಈ ನೀರು ಕಂದು ಬಣ್ಣದ್ದು. ಬಿಳಿ ಅಥವಾ ಕೆನೆ ಬಣ್ಣದ ಸೀರೆಗೆ ಅದೇ ಬಣ್ಣ ಹತ್ತುತ್ತದೆ, ಅಂಥದ್ದಕ್ಕೆ ಮಕ್ಕಳ ತಲೆಗೆ ಹಾಕುವ ಸೌಮ್ಯ ಶಾಂಪೂ ಒಂದು ಚಮಚ ಸಾಕು. ಅಂಟುವಾಳದ ನೀರನ್ನೋ ಶಾಂಪೂವನ್ನೋ 8–10 ಲೀಟರ್ ತಣ್ಣೀರಿಗೆ ಬೆರೆಸಿ, ಸೀರೆಯನ್ನು ಮುಳುಗಿಸಿ ಮೂರರಿಂದ ಐದು ನಿಮಿಷ ಮೆಲ್ಲಗೆ ಅದ್ದಿ ತೆಗೆಯಿರಿ. ಉಜ್ಜುವುದು, ಕಲ್ಲಿಗೆ ಬಡಿಯುವುದು ಬೇಡವೇ ಬೇಡ.

ನೀರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಬೋರ್‌ವೆಲ್ ನೀರು ಸವಳಾದರೆ ರೇಷ್ಮೆಯ ಹೊಳಪು ಮಂಕಾಗುತ್ತದೆ; ಕುದಿಸಿದರೂ ಆ ಗಡಸುತನ ಪೂರ್ತಿ ಹೋಗುವುದಿಲ್ಲ. ಮಳೆನೀರು ಅಥವಾ ಶುದ್ಧ ನೀರಿನ ಘಟಕದ ನೀರು ತನ್ನಿ, ಮೂರು ಸಲ ಜಾಲಿಸಲು 25–30 ಲೀಟರ್ ಆದೀತು. ಕೊನೆಯ ನೀರಿಗೆ 4 ಲೀಟರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿದರೆ ಹೊಳಪು ಮರಳುತ್ತದೆ. ಜರಿಯ ಸೀರೆಗೆ ವಿನೆಗರ್ ಬೇಡ.

ಈಗ ಕೊಂಡಿ. ಇಳಕಲ್ ಸೀರೆಯ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಿ ನೇಯ್ದಿರುತ್ತಾರೆ. ಸೀರೆಯ ಗುರುತೂ ಅದೇ, ಸೂಕ್ಷ್ಮ ಜಾಗವೂ ಅದೇ. ನೀರು ತುಂಬಿದ ಸೀರೆಯನ್ನು ಸೆರಗು ಹಿಡಿದು ಎತ್ತಿದರೆ ಪೂರಾ ಭಾರ ಆ ಕೊಂಡಿಗಳ ಮೇಲೆ ಬೀಳುತ್ತದೆ. ಎರಡೂ ಕೈಯಲ್ಲಿ ಗಂಟಿನಂತೆ ಎತ್ತಿ, ಹಿಂಡದೆ, ದಪ್ಪ ಟವಲಿನಲ್ಲಿ ಸುತ್ತಿ ಒತ್ತಿ. ಹಗ್ಗದ ಮೇಲೆ ಬೇಡ, ಮಂಚದ ಮೇಲೆ ಹಳೆಯ ಧೋತರ ಹಾಸಿ ನೆರಳಲ್ಲಿ ಹರವಿ. ಅರೆ ಹಸಿ ಇದ್ದಾಗಲೇ ಹಿಂಬದಿಗೆ, ಮೇಲೊಂದು ತೆಳು ಬಟ್ಟೆ ಹಾಕಿ, ರೇಷ್ಮೆಯ ಕಾವಿನಲ್ಲೇ ಪೂರಾ ಸೀರೆಗೆ ಇಸ್ತ್ರಿ ಮಾಡಿ. ಹತ್ತಿಯ ಒಡಲು ಸ್ವಲ್ಪ ಸುಕ್ಕು ಉಳಿಸಿಕೊಂಡರೆ ಉಳಿಸಿಕೊಳ್ಳಲಿ. ಒಣಗಿದ ರೇಷ್ಮೆಗೆ ನೀರು ಚಿಮುಕಿಸಬೇಡಿ, ಹನಿಹನಿ ಕಲೆ ನಿಲ್ಲುತ್ತದೆ. ಇಡುವ ಸೀರೆಗೆ ಗಂಜಿಯನ್ನೂ ಹಾಕಬೇಡಿ.

ಗಂಜಿ ಏಕೆ ಬೇಡವೆಂದರೆ, ಟ್ರಂಕಿನಲ್ಲಿ ಹುಳ ಎರಡು ಬಗೆ. ಸಿಲ್ವರ್‌ಫಿಶ್ ಬರುವುದು ಗಂಜಿಗೆ. ಬಟ್ಟೆ ಪತಂಗದ ಮರಿಹುಳ ತಿನ್ನುವುದು ರೇಷ್ಮೆ, ಉಣ್ಣೆ. ಅದರಲ್ಲೂ ಬೆವರು, ತುಪ್ಪದ ಕಲೆ ಇದ್ದ ಜಾಗವನ್ನು ಮೊದಲು ಹಿಡಿಯುತ್ತದೆ. ಡಾಂಬರ್ ಗುಳಿಗೆ ಹಾಕಲೇಬೇಕೆಂದರೆ ಚಿಂದಿಯಲ್ಲಿ ಕಟ್ಟಿ ಮೂಲೆಗಿಡಿ, ಬಟ್ಟೆಗೆ ತಾಗಬಾರದು. ಅದರ ಜೊತೆ ಕರ್ಪೂರ ಇಟ್ಟರೆ ಎರಡೂ ಕೂಡಿ ಕರಗಿ ಎಣ್ಣೆಯಂಥ ಕಲೆ ಬೀಳುತ್ತದೆ. ಬಜೆ, ಲವಂಗ, ಗರಿಗರಿಯಾಗಿ ಒಣಗಿದ ಬೇವಿನೆಲೆಯನ್ನು ಚೀಲದಲ್ಲಿ ಕಟ್ಟಿ ಇಡಬಹುದು. ಇವು ಹುಳವನ್ನು ದೂರ ಇಡಲು ಅಷ್ಟೇ. ಇದ್ದ ಹುಳ ಸಾಯುವುದಿಲ್ಲ. ಹುಳ ಕಂಡರೆ ಒಣ ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಎರಡು ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕೂರುತ್ತದೆ. ಪ್ಲಾಸ್ಟಿಕ್ಕಿಗೆ ಇದೊಂದೇ ಕೆಲಸ. ಉಳಿದಂತೆ ತೊಳೆದ ಹಳೆ ಬಿಳಿ ಧೋತರದಲ್ಲೇ ಸುತ್ತಿ. ಕೆಂಪು ಬಟ್ಟೆಯಲ್ಲಿ ಸುತ್ತುವ ರೂಢಿ ಇದೆ, ಹಸಿಯಾದರೆ ಅದರ ಬಣ್ಣವೂ ಇಳಿಯುತ್ತದೆ.

ಮಡಚುವಾಗ ಕೊಂಡಿಯ ಗೆರೆಯ ಮೇಲೆ ಮಡಿಕೆ ಬಾರದಂತೆ ನೋಡಿ, ಪ್ರತಿ ಮಡಿಕೆಯೊಳಗೆ ಧೋತರದ ಸುರುಳಿ ಇಡಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಜಾಗದಲ್ಲಿ ಮಡಚಿ. ತೊಳೆಯುವುದನ್ನು, ವರ್ಷದ ದೊಡ್ಡ ಗಾಳಿಗೆ ಹಾಕುವುದನ್ನು ಮಾಘ–ಫಾಲ್ಗುಣದ ಒಣ ಹವೆಯಲ್ಲಿ ಮುಗಿಸಿ, ಶ್ರಾವಣದಲ್ಲಿ ಬೇಡ. ಕಬ್ಬಿಣದ ಟ್ರಂಕಾದರೆ ಒಳಗೆಲ್ಲ ಬಟ್ಟೆ ಹಾಸಿ, ಕೆಳಗೆ ಹಲಗೆ ಕೊಡಿ.

ಖಣದ ಕುಪ್ಪಸಗಳನ್ನು ಸೀರೆಯ ಮಡಿಕೆಯೊಳಗೆ ಇಡಬೇಡಿ. ಕಂಕುಳಿನ ಬೆವರು ಎಷ್ಟು ತೊಳೆದರೂ ಸ್ವಲ್ಪ ಉಳಿದಿರುತ್ತದೆ. ಹಳೆಯ ಹುಕ್ಕುಗಳು ಕಬ್ಬಿಣದವಾದರೆ ತುಕ್ಕು ರೇಷ್ಮೆಗೆ ಇಳಿಯುತ್ತದೆ, ಆ ಕಲೆ ತೆಗೆಯುವ ಆಮ್ಲಕ್ಕೆ ಖಣದ ಬಣ್ಣವೂ ಹೋಗುತ್ತದೆ. ಹುಕ್ಕು ಬಿಚ್ಚಿ ಬೇರೆ ಚೀಟಿಯಲ್ಲಿ ಕಟ್ಟಿಡಿ. ಉಡುವಾಗ ಹಿತ್ತಾಳೆಯವು ಹಾಕಿಸಿಕೊಂಡರಾಯಿತು.