‘ಕ್ರೋಮ್‌ನಲ್ಲೇ ತೆರೆಯಿರಿ’ ಎಂದರೆ ಏನು ಮಾಡುವುದು?

ಪ್ರಶ್ನೆ: ಫೈರ್‌ಫಾಕ್ಸ್‌ನಲ್ಲಿ ಶುಲ್ಕ ಕಟ್ಟಲು ಹೋದರೆ ಒಂದು ಜಾಲತಾಣ ‘ಕ್ರೋಮ್ ಬಳಸಿ’ ಎಂದು ಅಲ್ಲೇ ನಿಲ್ಲಿಸುತ್ತದೆ. ಏನಾದರೂ ದಾರಿ ಇದೆಯೇ? – ಓದುಗರು, ಶಿರಸಿ

ಉತ್ತರ: ಇದೆ. ಪುಟ ಕೇಳುವಾಗಲೆಲ್ಲ ಬ್ರೌಸರ್ ತಾನು ಯಾರೆಂಬ ಒಂದು ಸಾಲನ್ನು ಸರ್ವರ್‌ಗೆ ಕಳಿಸುತ್ತದೆ. ಇದೇ ಯೂಸರ್ ಏಜೆಂಟ್. ಅದರಲ್ಲಿ ‘ಕ್ರೋಮ್’ ಕಾಣದಿದ್ದರೆ ತಡೆಯುವುದು ಪರೀಕ್ಷೆಯ ಕೆಲಸ ತಪ್ಪಿಸಿಕೊಳ್ಳುವವರ ಸುಲಭೋಪಾಯ. ಆ ಸಾಲನ್ನು ನಂಬುವುದೇ ತಪ್ಪು: ಕ್ರೋಮ್, ಸಫಾರಿ, ಎಡ್ಜ್ ಎಲ್ಲವೂ ಇಂದಿಗೂ ‘ಮೊಜಿಲ್ಲಾ/5.0’ (ಮೊಜಿಲ್ಲಾ ಎಂದರೆ ಫೈರ್‌ಫಾಕ್ಸ್ ತಯಾರಿಸುವ ಸಂಸ್ಥೆ) ಎಂದೇ ಶುರುಮಾಡುತ್ತವೆ. ಇಂಥ ತಡೆಗಳಿಂದ ಬೇಸತ್ತ ವಿವಾಲ್ಡಿ ಎಂಬ ಬ್ರೌಸರ್ 2019ರಲ್ಲಿ ತನ್ನ ಹೆಸರನ್ನೇ ಅಲ್ಲಿಂದ ತೆಗೆದುಹಾಕಿತು.

ಮೊದಲು ಆಡ್‌ಬ್ಲಾಕರ್ ನಿಲ್ಲಿಸಿ, ವಿಳಾಸದ ಪಕ್ಕದ ಗುರಾಣಿ ಚಿಹ್ನೆ ಒತ್ತಿ ಆ ತಾಣಕ್ಕೆ ಮಾತ್ರ ಟ್ರ್ಯಾಕಿಂಗ್ ತಡೆ ತೆಗೆದು ನೋಡಿ. ಆಗಲೂ ಬಗ್ಗದಿದ್ದರೆ ‘ಅಬೌಟ್:ಕಾನ್ಫಿಗ್’ ತೆರೆದು ‘ಜನರಲ್.ಯೂಸರ್‌ಏಜೆಂಟ್.ಓವರ್‌ರೈಡ್’ ಎಂದು ಹುಡುಕಿ (ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪಿಸಬೇಕು). ‘ಸ್ಟ್ರಿಂಗ್’ ಆರಿಸಿ, + ಒತ್ತಿ, ಈಗಿನ ಕ್ರೋಮ್‌ನ ಪೂರ್ಣ ಯೂಸರ್ ಏಜೆಂಟ್ ಸಾಲನ್ನು ಅಂಟಿಸಿ, ಪುಟವನ್ನು ರೀಲೋಡ್ ಮಾಡಿ. ಕೆಲಸ ಮುಗಿದೊಡನೆ ಕಸದಬುಟ್ಟಿ ಚಿಹ್ನೆ ಒತ್ತಿ ಅಳಿಸಿಬಿಡಿ. ಏಕೆಂದರೆ ಇದು ಎಲ್ಲ ತಾಣಗಳಿಗೂ ಅನ್ವಯಿಸುತ್ತದೆ; ‘ನೀವು ಮನುಷ್ಯರೇ?’ ಎಂದು ಪರೀಕ್ಷಿಸುವ ಪುಟಗಳು ಜಾವಾಸ್ಕ್ರಿಪ್ಟ್ ಮೂಲಕ ಬ್ರೌಸರ್‌ನ ಅಸಲಿ ಎಂಜಿನ್ ಪತ್ತೆಹಚ್ಚಿ, ಸುಳ್ಳು ಸಿಕ್ಕಿಬಿದ್ದರೆ ಮತ್ತೆ ಮತ್ತೆ ಅದೇ ಪರೀಕ್ಷೆಗೆ ತಳ್ಳುತ್ತವೆ. ಮೆನುವಿನ ‘ರಿಪೋರ್ಟ್ ಬ್ರೋಕನ್ ಸೈಟ್’ನಲ್ಲಿ ದೂರು ಕೊಡುವುದನ್ನೂ ಮರೆಯಬೇಡಿ.

ಪ್ರಶ್ನೆ: ಇದು ಬರೀ ಕಿರಿಕಿರಿ ತಾನೇ? ಬ್ರೌಸರ್ ಆಯ್ಕೆಯ ‘ಸ್ವಾತಂತ್ರ್ಯಕ್ಕೆ ಕುತ್ತು’ ಎಂದು ಕೆಲವರು ಹೇಳುವುದು ಅತಿಯಾಯಿತಲ್ಲವೇ? – ಓದುಗರು, ಹಾಸನ

ಉತ್ತರ: ಸಾಲು ಬದಲಿಸಿ ಒಳಹೋಗಲು ಆಗುವವರೆಗೆ ಕಿರಿಕಿರಿಯೇ. 2023ರಲ್ಲಿ ಗೂಗಲ್ ಎಂಜಿನಿಯರುಗಳು ಮುಂದಿಟ್ಟ ‘ವೆಬ್ ಎನ್ವಿರಾನ್‌ಮೆಂಟ್ ಇಂಟೆಗ್ರಿಟಿ’ ಎಂಬ ಪ್ರಸ್ತಾವ ಬೇರೆಯೇ ಜಾತಿಯದು. ಅದರ ಪ್ರಕಾರ ನಿಮ್ಮ ಸಾಧನ, ಬ್ರೌಸರ್ ‘ಸಾಚಾ’ ಎಂದು ಮೂರನೆಯವರು ಡಿಜಿಟಲ್ ಸಹಿ ಹಾಕಿದ ಚೀಟಿ ಕೊಡಬೇಕು, ತಾಣ ಅದನ್ನು ನೋಡಬೇಕು. ಆ ಸಹಿಯನ್ನು ನಕಲು ಮಾಡಲಾಗದು. ಚೀಟಿ ಕೊಡುವವರು ಒಪ್ಪದ ಹೊಸ ಬ್ರೌಸರ್‌ಗೆ ಬದುಕೇ ಇಲ್ಲ. ಮೊಜಿಲ್ಲಾ, ಬ್ರೇವ್, ವಿವಾಲ್ಡಿ ವಿರೋಧಿಸಿದವು. ಅದೇ ನವೆಂಬರಿನಲ್ಲಿ ಗೂಗಲ್ ಕೈಬಿಟ್ಟಿತು.

ಒಂದೇ ಬ್ರೌಸರ್‌ಗೆ ಕಟ್ಟುಬಿದ್ದರೆ ಏನಾಗುತ್ತದೆಂದು ದಕ್ಷಿಣ ಕೊರಿಯಾ ನೋಡಿದೆ. 1990ರ ದಶಕದ ಕೊನೆಯಲ್ಲಿ ಬ್ಯಾಂಕಿಂಗ್‌ಗೆ ಆಕ್ಟಿವ್‌ಎಕ್ಸ್ ಎಂಬ ಮೈಕ್ರೋಸಾಫ್ಟ್ ತಂತ್ರಜ್ಞಾನವನ್ನು ನೆಚ್ಚಿಕೊಂಡಿದ್ದರಿಂದ ವರ್ಷಾನುಗಟ್ಟಲೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಗತಿಯಿರಲಿಲ್ಲ.

ಪ್ರಶ್ನೆ: ಕಚೇರಿಯ ಹಳೇ ಪೋರ್ಟಲ್ ಇನ್ನೂ ಎಕ್ಸ್‌ಪ್ಲೋರರನ್ನೇ ಕೇಳುತ್ತದೆ! – ಓದುಗರು, ಬಳ್ಳಾರಿ

ಉತ್ತರ: ಎಡ್ಜ್ ಸೆಟ್ಟಿಂಗ್ಸ್‌ನ ‘ಡಿಫಾಲ್ಟ್ ಬ್ರೌಸರ್’ನಲ್ಲಿ ಐಇ (ಇಂಟರ್ನೆಟ್ ಎಕ್ಸ್‌ಪ್ಲೋರರ್) ಮೋಡ್‌ಗೆ ಅನುಮತಿ ಕೊಟ್ಟು, ಪೋರ್ಟಲ್ ವಿಳಾಸ ಸೇರಿಸಿ. 30 ದಿನಕ್ಕೆ ಅವಧಿ ಮುಗಿಯುತ್ತದೆ; ಮತ್ತೆ ಸೇರಿಸಬೇಕು.