ಗಾಂಜಾ ವಿಷಯದಲ್ಲಿ ಟಿವಿಯನ್ನು ನಂಬೋದಾ, ರೀಲ್ಸನ್ನಾ?

ಪ್ರಶ್ನೆ: ಡಾಕ್ಟರೇ, ನಮ್ಮದು ಗೋಣಿಕೊಪ್ಪದ ಹತ್ತಿರ ಕಾಫಿ ತೋಟ. 19 ವರ್ಷದ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ರಜೆಗೆ ಬಂದಾಗ ಸ್ನೇಹಿತರ ಜೊತೆ ಹೋಂಸ್ಟೇಯಲ್ಲಿ ಗಾಂಜಾ ಸೇದಿದನಂತೆ. ಕೇಳಿದರೆ ‘ಅದು ಔಷಧಿ, ವಿಜ್ಞಾನಿಗಳೇ ಹೇಳಿದ್ದಾರೆ’ ಅಂತ ರೀಲ್ಸ್ ತೋರಿಸುತ್ತಾನೆ. ಟಿವಿ ಹಾಕಿದರೆ ಸೇದಿದವರಿಗೆಲ್ಲ ಹುಚ್ಚು ಹಿಡಿಯುತ್ತೆ ಅಂತಾರೆ. ಯಾವುದು ನಿಜ?

ಉತ್ತರ: ಎರಡೂ ಅರ್ಧರ್ಧ. ಇಬ್ಬರೂ ಸಂಶೋಧನೆ ಹೆಸರು ಹೇಳಿ, ತಮಗೆ ಬೇಡದ ಭಾಗ ನುಂಗಿಬಿಡುತ್ತಾರೆ.

ಗಾಂಜಾ ಸೇದಿದರೆ ಹುಚ್ಚು ಹಿಡಿಯುವ ಅಪಾಯ ಐದು ಪಟ್ಟು ಅಂತ ಟಿವಿಯವರು ಹೇಳೋದನ್ನೇ ನೋಡಿ. 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು. ಯುರೋಪ್ ಮತ್ತು ಬ್ರೆಜಿಲ್‌ನಲ್ಲಿ ಮೊದಲ ಸಲ ಸೈಕೋಸಿಸ್, ಅಂದರೆ ನಿಜ ಯಾವುದು ಭ್ರಮೆ ಯಾವುದು ಅನ್ನೋದು ತಿಳಿಯದಂಥ ಮಾನಸಿಕ ಕಾಯಿಲೆ, ಬಂದ 901 ಜನರನ್ನು, ಆ ಕಾಯಿಲೆ ಇಲ್ಲದ 1,237 ಜನರ ಜೊತೆ ಹೋಲಿಸಿದ್ದರು. ಸುಮಾರು ಐದು ಪಟ್ಟು ಕಂಡಿದ್ದು ದಿನಾ ಸೇದುವವರಲ್ಲಿ, ಅದೂ ಟಿಎಚ್‌ಸಿ, ಅಂದರೆ ನಶೆ ಏರಿಸುವ ಅಂಶ, ಶೇ 10 ಅಥವಾ ಜಾಸ್ತಿ ಇದ್ದ ಸರಕಿನಲ್ಲಿ. ಯಾವಾಗಲೋ ಒಮ್ಮೆ ಸೇದಿದವರ ಲೆಕ್ಕ ಅದಲ್ಲ. ಈಗಾಗಲೇ ಮನಸ್ಸು ಕದಡಿದ್ದವರೇ ಗಾಂಜಾಕ್ಕೆ ಹೋದರಾ ಅನ್ನೋದನ್ನೂ ಇಂಥ ಹೋಲಿಕೆ ಪೂರ್ತಿ ಬಿಡಿಸಲ್ಲ. ಇದೆಲ್ಲ ಸ್ಕ್ರೀನ್ ಕೆಳಗೆ ಓಡುವ ಪಟ್ಟಿಯಲ್ಲಿ ಹಿಡಿಸಲ್ಲ ಅಲ್ವಾ!

ಹಾಗಂತ ಮಗನ ರೀಲ್ಸ್ ಸರಿ ಅಂತಲ್ಲ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಔಷಧಿ ಕ್ಯಾನಬಿಡಿಯಾಲ್. ಗಾಂಜಾ ಗಿಡದ್ದೇ ಅಂಶ, ಆದರೆ ನಶೆ ಏರಿಸಲ್ಲ, ಕೊಡೋದು ಅಪರೂಪದ ಅಪಸ್ಮಾರಕ್ಕೆ, ಡಾಕ್ಟರ್ ಅಳತೆ ಮಾಡಿ. ಹೋಂಸ್ಟೇ ಜಗಲಿಯಲ್ಲಿ ಸುತ್ತಿ ಸೇದುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಳೇ ಕಾಲದವರೂ ಸೇದುತ್ತಿದ್ದರು ಅನ್ನೋ ವಾದವೂ ಬರುತ್ತೆ, ಆದರೆ ಸರಕು ಮೊದಲಿನಂತೆ ಉಳಿದಿಲ್ಲ. ಅಮೆರಿಕದಲ್ಲಿ ಪೊಲೀಸರು ಹಿಡಿದ ಸರಕಿನಲ್ಲಿ ಟಿಎಚ್‌ಸಿ 1995ರಲ್ಲಿ ಶೇ 4ರಷ್ಟಿತ್ತು, 2014ಕ್ಕೆ ಶೇ 12ರಷ್ಟಾಯಿತು. ನಿಮ್ಮ ಮಗ ಸೇದಿದ್ದರಲ್ಲಿ ಎಷ್ಟಿತ್ತು? ಕೊಟ್ಟವನಿಗೂ ಗೊತ್ತಿರಲ್ಲ.

ಹೋಂಸ್ಟೇ ರೂಮ್ ಒಳಗೆ ಯಾರೂ ಕೇಳಲ್ಲ ಅಂದುಕೊಂಡಿದ್ದರೆ ಅದೂ ತಪ್ಪು. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸ್ವಲ್ಪವೇ ಗಾಂಜಾ ಇಟ್ಟುಕೊಂಡಿದ್ದರೂ ಒಂದು ವರ್ಷದವರೆಗೆ ಜೈಲು ಆಗಬಹುದು.

ಈಗ ಬೈಯಬೇಡಿ, ಬೈದರೆ ಮುಂದಿನ ಸಲ ಮುಚ್ಚಿಡುತ್ತಾನೆ, ಅಷ್ಟೇ. ಎಷ್ಟು ಸಲ ಸೇದುತ್ತಾನೆ, ಸೇದದಿದ್ದರೆ ನಿದ್ದೆ ಬರುತ್ತಾ, ಸುಮ್ನೆ ಸಿಡುಕುತ್ತಾನಾ, ಕೇಳಿ. ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ (ಸೈಕೋಸಿಸ್ ಕಾಣಿಸುವ ದೀರ್ಘಕಾಲದ ಮಾನಸಿಕ ಕಾಯಿಲೆ) ಇದ್ದರೆ ಅವನಿಗೆ ಮರೆಮಾಚದೆ ಹೇಳಿ, ಅಂಥವರಿಗೆ ಅಪಾಯ ಜಾಸ್ತಿ. ಯಾರೋ ಬೆನ್ನಟ್ಟುತ್ತಿದ್ದಾರೆ ಅಂದರೆ, ಇಲ್ಲದ ಧ್ವನಿ ಕೇಳಿಸಿದರೆ ಕಾಯಬೇಡಿ. ಮಡಿಕೇರಿಗೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.